ವಿಲೇಜ್ ವ್ಯಾನ್‌ಗಾರ್ಡ್

ವಿಲೇಜ್ ವ್ಯಾನ್‌ಗಾರ್ಡ್ ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿರುವ ಪ್ರಸಿದ್ಧ ಜಾಝ್ ಕ್ಲಬ್. ಮ್ಯಾಕ್ಸ್ ಗಾರ್ಡನ್ ಸ್ಥಾಪಿಸಿದ ಈ ಕ್ಲಬ್ 1935ರಿಂದ ಸೆವೆಂತ್ ಅವೆನ್ಯೂ ಸೌತ್‌ನ ನೆಲಮಾಳಿಗೆಯೊಂದರಲ್ಲಿ ನಡೆಯುತ್ತಿದೆ. ಮೊದಲು ಇಲ್ಲಿ ಕಾವ್ಯವಾಚನ, ಜಾನಪದ ಗಾಯನ ಹಾಗೂ ಹಾಸ್ಯ ಪ್ರದರ್ಶನಗಳು ನಡೆಯುತ್ತಿದ್ದವು. 1957ರಲ್ಲಿ ಇದು ಜಾಝ್‌ಗೆ ಮೀಸಲಾಯಿತು.

ತ್ರಿಕೋನಾಕಾರದ ಈ ಕೋಣೆಯಲ್ಲಿ 123 ಜನರಿಗಷ್ಟೇ ಸ್ಥಳವಿರುವುದರಿಂದ ಟಿಕೆಟ್ ಮತ್ತು ಪಾನೀಯಗಳ ಆದಾಯಕ್ಕೆ ಮಿತಿಯುಂಟು. ಊಟ ದೊರೆಯುವುದಿಲ್ಲ, ಅಡುಗೆಮನೆಯೆಂದು ಕರೆಯುವ ಸ್ಥಳವೇ ಆಫೀಸು, ಕಲಾವಿದರ ವಿಶ್ರಾಂತಿ ಕೋಣೆ ಎಲ್ಲವೂ ಆಗಿದೆ. ಸಾಮಾನ್ಯವಾಗಿ ಒಂದೇ ತಂಡ ಮಂಗಳವಾರದಿಂದ ಭಾನುವಾರದವರೆಗೆ ನುಡಿಸುತ್ತದೆ. ಮೊದಲ ದಿನ ಕೇಳಿದವರ ಬಾಯಿಮಾತು ವಾರಾಂತ್ಯಕ್ಕೆ ಹೊಸಬರನ್ನು ಕರೆತರಲು ಇದರಿಂದ ಅವಕಾಶವಾಗುತ್ತದೆ. ಸೋಮವಾರದ ರಾತ್ರಿಯನ್ನು 1966ರಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್‌ರ ದೊಡ್ಡ ವಾದ್ಯವೃಂದಕ್ಕೆ ಬಿಟ್ಟುಕೊಡಲಾಯಿತು. ಅದರ ಮುಂದುವರಿಕೆಯಾದ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಈಗಲೂ ಸೋಮವಾರಗಳಂದೇ ನುಡಿಸುತ್ತದೆ.

ಕ್ಲಬ್ಬಿಗೆ ದೂರದ ಕೇಳುಗರನ್ನು ದೊರಕಿಸಿದ್ದು ಬಹುಮಟ್ಟಿಗೆ ಇಲ್ಲಿಯೇ ಮುದ್ರಿತವಾದ ಧ್ವನಿಮುದ್ರಿಕೆಗಳು. ಸೋನಿ ರಾಲಿನ್ಸ್ 1957ರಲ್ಲಿಯೂ, ಬಿಲ್ ಇವಾನ್ಸ್ ಮತ್ತು ಜಾನ್ ಕೋಲ್ಟ್ರೇನ್ 1961ರಲ್ಲಿಯೂ ಇಲ್ಲಿ ನುಡಿಸಿದ್ದು ಹೀಗೆ ಉಳಿದಿದೆ. ಇವಾನ್ಸ್‌ರ ಮುದ್ರಿಕೆಯಲ್ಲಿ ಗ್ಲಾಸುಗಳ ಸದ್ದು, ಮೇಜುಗಳ ಮಾತುಕತೆಯೂ ಕೇಳಿಬರುತ್ತವೆ. ಇಂದು ಕಛೇರಿಯ ನಡುವೆ ಮಾತನಾಡುವಂತಿಲ್ಲ.

1989ರಲ್ಲಿ ಗಾರ್ಡನ್ ನಿಧನರಾದ ಬಳಿಕ ಪತ್ನಿ ಲೊರೇನ್ ಗಾರ್ಡನ್ ಕ್ಲಬ್ಬನ್ನು ವಹಿಸಿಕೊಂಡರು. 2018ರಲ್ಲಿ ಅವರೂ ತೀರಿಕೊಂಡ ಮೇಲೆ ಹೊಣೆ ಮಗಳು ಡೆಬೊರಾ ಅವರದಾಯಿತು. 2020ರಲ್ಲಿ ಕೋವಿಡ್‌ನಿಂದಾಗಿ ಬಾಗಿಲು ಮುಚ್ಚಿದಾಗ, ಪ್ರೇಕ್ಷಕರಿಲ್ಲದ ಕೋಣೆಯಿಂದಲೇ ಕಛೇರಿಗಳನ್ನು ಹಣ ಪಡೆದು ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡಲಾಯಿತು. ಮೆಟ್ಟಿಲಿಳಿದು ಬರಲಾಗದ ಪರದೇಶದವರೂ ಆಗ ಕೇಳುಗರಾದರು. 2021ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ಮತ್ತೆ ತೆರೆಯಿತು.