ಪಿಕಪ್ ಗಾಡಿಯ ಹಾಡುಪೆಟ್ಟಿಗೆ: ಒಂದೊಂದು ತಂತಿಗೂ ಒಂದು ಇತಿಹಾಸ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಹಲಗೇರಿ, ರಾಣೆಬೆನ್ನೂರು, ಹಾವೇರಿ ಸುತ್ತಿನ ರಸ್ತೆಗಳಲ್ಲಿ ಪಿಕಪ್ ಗಾಡಿಗಳ ಓಡಾಟ ಹೆಚ್ಚು. ಒಣ ಮೆಣಸಿನಕಾಯಿ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಹೀಗಾಗಿ ಚೀಲಗಳು ಚಾಲಕನ ಕ್ಯಾಬಿನ್ನಿನ ನೆತ್ತಿಯನ್ನೂ ಮೀರಿ ಏರಿರುತ್ತವೆ. ಆ ಕ್ಯಾಬಿನ್ನಿನೊಳಗೆ ಇಣುಕಿದರೆ, ಎಷ್ಟೋ ಗಾಡಿಗಳಲ್ಲಿ ಹಾಡು ಕೇಳಿಸುವ, ಚಿತ್ರವನ್ನೂ ತೋರಿಸುವ ಒಂದು ಪೆಟ್ಟಿಗೆ ಇರುತ್ತದೆ. ಅನೇಕ ವೇಳೆ ಅದು ಕಾರ್ಖಾನೆಯಿಂದ ಗಾಡಿಯೊಡನೆ ಬಂದದ್ದಲ್ಲ. ಪೇಟೆಯಲ್ಲಿ ಕೊಂಡು ಆಮೇಲೆ ಕೂಡಿಸಿದ್ದು.

ಅದರ ಬೆನ್ನ ಹಿಂದೆ ಬಣ್ಣಬಣ್ಣದ ತಂತಿಗಳ ಗೊಂಚಲೊಂದು ಇದೆ. ಹಳದಿ, ಕೆಂಪು, ಕಪ್ಪು, ಬಿಳಿ, ಬೂದು, ಹಸಿರು, ನೇರಳೆ. ಇಷ್ಟೊಂದು ತಂತಿಗಳು ಏಕೆ ಬೇಕು? ಇವು ಒಂದೇ ದಿನ ಹುಟ್ಟಿದವಲ್ಲ. ವಾಹನದೊಳಗೆ ಧ್ವನಿ ತರಲು ಹೊರಟವರಿಗೆ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಎದುರಾದ ತೊಡಕುಗಳಿಗೆ ಇವು ಉತ್ತರಗಳು. ಆ ಕಥೆಯನ್ನು ತಿಳಿದವರು ತಂತಿಯನ್ನು ತಪ್ಪು ಜಾಗಕ್ಕೆ ಕೂಡಿಸುವುದು ಕಡಿಮೆ.

6 ವೋಲ್ಟ್‌ನ ತೊಡಕು

1930ರಲ್ಲಿ ಅಮೆರಿಕದ ಷಿಕಾಗೋ ನಗರದ ಗ್ಯಾಲ್ವಿನ್ ಕಂಪನಿ ಕಾರಿನಲ್ಲಿ ಕೂಡಿಸುವ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರು 'ಮೊಟೊರೋಲಾ'. ಮುಂದೆ ಕಂಪನಿಗೇ ಆ ಹೆಸರಾಯಿತು. ಜರ್ಮನಿಯ ಬ್ಲೌಪುಂಕ್ಟ್ 1932ರಲ್ಲಿ ಯುರೋಪಿನ ಮೊದಲ ಕಾರ್ ರೇಡಿಯೊ ತಯಾರಿಸಿತು. ಹಾಗೆ ನೋಡಿದರೆ ಇವೂ 'ಆಮೇಲೆ ಕೂಡಿಸಿದ' ಪೆಟ್ಟಿಗೆಗಳೇ.

ಆಗಿನ ರೇಡಿಯೊಗಳಲ್ಲಿ ನಿರ್ವಾತ ಕವಾಟಗಳಿದ್ದವು. ಅವುಗಳ ಆನೋಡಿಗೆ 200 ವೋಲ್ಟ್ ಆಸುಪಾಸಿನ ವಿಭವ ಬೇಕು; ಕಾರಿನ ಬ್ಯಾಟರಿ ಕೊಡುತ್ತಿದ್ದುದು 6 ವೋಲ್ಟ್. ನೇರ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಏರುವುದಿಲ್ಲ ಎಂಬುದು ಹೈಸ್ಕೂಲು ವಿದ್ಯಾರ್ಥಿಗೂ ಗೊತ್ತು. ಮೊದಮೊದಲು ಸೀಟಿನ ಕೆಳಗೆ ಬೇರೆ ಬ್ಯಾಟರಿಗಳನ್ನೇ ಇಡುತ್ತಿದ್ದರು. ಅನಂತರ 'ವೈಬ್ರೇಟರ್' ಬಂತು. ವಿದ್ಯುತ್ ಕರೆಗಂಟೆಯ ನಾಲಗೆಯಂತೆ ಕಂಪಿಸುವ ಒಂದು ಪತ್ತಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಪ್ರವಾಹವನ್ನು ಕಡಿದು ಕೂಡಿಸುತ್ತಿತ್ತು. ಹೀಗೆ ತುಂಡಾದ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ, ಮತ್ತೆ ನೇರವಾಗಿಸಿ ಕವಾಟಗಳಿಗೆ ಕೊಡುತ್ತಿದ್ದರು. ಇಂದಿನ ಮನೆಯ ಇನ್‌ವರ್ಟರಿನ ಮೂಲ ತತ್ತ್ವವೂ ಇದೇ. ಪತ್ತಿಯ ಕೆಲಸವನ್ನು ಈಗ ಟ್ರಾನ್ಸಿಸ್ಟರುಗಳು ಮಾಡುತ್ತವೆ.

ಎರಡನೆಯ ತೊಡಕು ಗದ್ದಲ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ರೇಡಿಯೊ ಪ್ರೇಷಕ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಪ್ರಸಾರ ಆರಂಭಿಸಿದಾಗಲೂ ಮಧ್ಯಮ ತರಂಗವನ್ನು ಕಾರಿನಲ್ಲಿ ಕೇಳುವವರಿಗೆ ಈ 'ಟಕಟಕ' ತಪ್ಪುತ್ತಿರಲಿಲ್ಲ. ಪ್ಲಗ್ಗಿನ ತಂತಿಗೆ ರೋಧಕ, ಡೈನಮೋಗೆ ಧಾರಕ, ಪೆಟ್ಟಿಗೆಗೆ ಲೋಹದ ಕವಚ ಇವು ಪರಿಹಾರವಾದವು. ಡೀಸೆಲ್ ಪಿಕಪ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಆ ಗದ್ದಲವೂ ಇಲ್ಲ. ಆದರೆ ಆಕ್ಸಲರೇಟರ್ ಒತ್ತಿದಂತೆ ಸ್ವರ ಏರುವ 'ಕುಂಯ್' ಸದ್ದು ಕೇಳಿದರೆ ಅದು ಆಲ್ಟರ್ನೇಟರಿನದು. ಕಪ್ಪು ತಂತಿಯ ಅರ್ಥಿಂಗ್ ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕು.

ಟ್ರಾನ್ಸಿಸ್ಟರು, ಕ್ಯಾಸೆಟ್ಟು

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು 1955ರಲ್ಲಿ ಕಾರ್ ರೇಡಿಯೊವನ್ನು ಪ್ರವೇಶಿಸಿತು. ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು ಕವಾಟವೇ ಇಲ್ಲದ ರೇಡಿಯೊವನ್ನು ಆ ವರ್ಷ ಪ್ರಕಟಿಸಿದವು. ಟ್ರಾನ್ಸಿಸ್ಟರಿಗೆ ಬ್ಯಾಟರಿಯ ವೋಲ್ಟೇಜೇ ಸಾಕು. ವೈಬ್ರೇಟರಿನ ಝೇಂಕಾರ ನಿಂತಿತು. ಸುಮಾರು ಅದೇ ಕಾಲಕ್ಕೆ ಕಾರುಗಳು 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಹೊರಳಿದವು. ನಮ್ಮಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ಕವಾಟಗಳನ್ನೂ, ಮರುವರ್ಷವೇ ಜರ್ಮೇನಿಯಂ ಅರೆವಾಹಕ ಸಾಧನಗಳನ್ನೂ ತಯಾರಿಸಲು ತೊಡಗಿತು. ಒಂದು ತಲೆಮಾರಿನ ತಂತ್ರಜ್ಞಾನ ಕಾಲೂರುವ ಹೊತ್ತಿಗೆ ಮುಂದಿನದು ಬಾಗಿಲಿಗೆ ಬಂದಿತ್ತು.

ಫಿಲಿಪ್ಸ್ ಕಂಪನಿ 1963ರಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು, 1968ರಲ್ಲಿ ಕಾರಿನ ರೇಡಿಯೊ-ಕ್ಯಾಸೆಟ್ ಯಂತ್ರವನ್ನು ತಂದಿತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ 'ನಿತ್ಯೋತ್ಸವ' ಹೊರಬಂದದ್ದು 1978ರಲ್ಲಿ. ಅಲ್ಲಿಂದ ಮುಂದೆ ಜೀಪು, ಟೆಂಪೊ, ಲಾರಿಗಳಲ್ಲಿ ಟೇಪ್ ರೆಕಾರ್ಡರ್ ಕೂಡಿಸುವುದು ನಮ್ಮ ಸಣ್ಣ ಪಟ್ಟಣಗಳಲ್ಲಿ ಒಂದು ಕಸುಬೇ ಆಯಿತು. ಜರ್ಮನಿಯ ಡಿನ್ ಮಾನಕ ಪೆಟ್ಟಿಗೆಯ ಕಿಂಡಿಗೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಗೊತ್ತುಮಾಡಿತು. ಪರದೆ ಇರುವ ಪೆಟ್ಟಿಗೆಗಳಿಗೆ ಇದರ ಇಮ್ಮಡಿ ಎತ್ತರ ಬೇಕು. ಅಂಗಡಿಯವರು 'ಡಬಲ್ ಡಿನ್' ಎನ್ನುವುದು ಇದನ್ನೇ.

ಸ್ಪೀಕರಿಗೆ ಎರಡು ತಂತಿ ಏಕೆ?

ಹಳೆಯ ಪೆಟ್ಟಿಗೆಗಳ ಕಾಲದಲ್ಲಿ ಅನೇಕರು ಸ್ಪೀಕರಿನ ಒಂದು ತುದಿಯನ್ನು ಗಾಡಿಯ ಮೈಗೇ ಬಿಗಿಯುತ್ತಿದ್ದರು. ತಂತಿ ಉಳಿಯುತ್ತಿತ್ತು, ಹಾಡೂ ಬರುತ್ತಿತ್ತು. ಇಂದಿನ ಪೆಟ್ಟಿಗೆಯಲ್ಲಿ ಹೀಗೆ ಮಾಡಿದರೆ ಒಳಗಿನ ವರ್ಧಕ ಚಿಪ್ಪು ಸುಟ್ಟುಹೋಗಬಹುದು. ಕಾರಣವನ್ನು ಲೆಕ್ಕದಲ್ಲೇ ಕಾಣೋಣ.

ಎಂಜಿನ್ ಓಡುವಾಗ ಬ್ಯಾಟರಿಯ ವಿಭವ ಸುಮಾರು 14.4 ವೋಲ್ಟ್. ಹಳೆಯ ವಿಧಾನದಲ್ಲಿ ಸ್ಪೀಕರಿಗೆ ಸಿಗುವ ತರಂಗದ ಶಿಖರ ಇದರ ಅರ್ಧ, ಅಂದರೆ 7.2 ವೋಲ್ಟ್. 4 ಓಮ್ ಸ್ಪೀಕರಿನಲ್ಲಿ ಇದು ಸುಮಾರು 6.5 ವ್ಯಾಟ್ ಮಾತ್ರ. ಸ್ಪೀಕರಿನ ಎರಡೂ ತುದಿಗಳನ್ನು ಎರಡು ವರ್ಧಕಗಳಿಂದ ವಿರುದ್ಧ ದಿಕ್ಕುಗಳಲ್ಲಿ ದೂಡಿದರೆ ಶಿಖರ 14.4 ವೋಲ್ಟ್‌ಗೆ ಏರುತ್ತದೆ; ವೋಲ್ಟೇಜು ಇಮ್ಮಡಿಯಾದರೆ ಸಾಮರ್ಥ್ಯ ನಾಲ್ಮಡಿ, ಸುಮಾರು 26 ವ್ಯಾಟ್. ಈ 'ಸೇತುವೆ' ಜೋಡಣೆಯಲ್ಲಿ ಎರಡು ತಂತಿಗಳೂ ಜೀವಂತ. ಬಿಳಿ, ಬೂದು, ಹಸಿರು, ನೇರಳೆ ತಂತಿಗಳು ಕಪ್ಪು ಪಟ್ಟಿಯ ಜೊತೆಗಾರ ತಂತಿಗಳೊಡನೆ ಜೋಡಿಯಾಗಿ ಬರುವುದು ಇದಕ್ಕೇ.

ಹಾಗಾದರೆ ಡಬ್ಬಿಯ ಮೇಲಿನ '50 ವ್ಯಾಟ್ × 4' ಎಲ್ಲಿಂದ ಬಂತು? 14.4ರ ವರ್ಗವನ್ನು 4ರಿಂದ ಭಾಗಿಸಿ: 51.8. ತರಂಗವು ಪೂರ್ತಿ ಚೌಕಾಕಾರವಾಗಿ ಒಡೆದುಹೋದಾಗ ಬರುವ ಸಾಮರ್ಥ್ಯ ಇದು. ಅಂಥ ಸದ್ದನ್ನು ಯಾರೂ ಹಾಡು ಎನ್ನಲಾರರು.

ಹಳದಿಗೂ ಕೆಂಪಿಗೂ ಇರುವ ವ್ಯತ್ಯಾಸ

ಗುಂಡಿ ತಿರುಗಿಸುವ ರೇಡಿಯೊಗೆ ವಿದ್ಯುತ್ತಿನ ಒಂದೇ ತಂತಿ ಸಾಕಿತ್ತು. ಗಡಿಯಾರ, ಕೇಂದ್ರಗಳ ಸ್ಮರಣೆ ಇವೆಲ್ಲ ಎಲೆಕ್ಟ್ರಾನಿಕ್ ಆದಾಗ, ಗಾಡಿ ನಿಂತಾಗಲೂ ಚೂರು ವಿದ್ಯುತ್ತು ಬೇಕಾಯಿತು. ಹಳದಿ ತಂತಿ ಬ್ಯಾಟರಿಗೆ ಸದಾ ಅಂಟಿರುವುದು. ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ಜೀವ ತಾಳುವುದು. ಎರಡನ್ನೂ ಒಟ್ಟಿಗೆ ಹೊಸೆದರೆ ಪೆಟ್ಟಿಗೆಗೆ 'ಗಾಡಿ ನಿಂತಿದೆ' ಎಂದು ತಿಳಿಯುವುದೇ ಇಲ್ಲ. ಅದು ಅರ್ಧ ಆಂಪಿಯರ್ ಎಳೆಯುತ್ತಿದ್ದರೂ 50 ಆಂಪಿಯರ್-ಗಂಟೆಯ ಬ್ಯಾಟರಿ 100 ಗಂಟೆಗಳಲ್ಲಿ, ಅಂದರೆ ನಾಲ್ಕು ದಿನಗಳಲ್ಲಿ ಬರಿದಾದೀತು.

24 ವೋಲ್ಟ್‌ನ ದೊಡ್ಡ ಲಾರಿಗಳಲ್ಲಿ ಇನ್ನೊಂದು ಅಡ್ಡದಾರಿ ಇದೆ. ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯುವುದು. ಆ ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ. ಎರಡೂ ಬೇಗ ಕೆಡುತ್ತವೆ. ವೋಲ್ಟೇಜು ಇಳಿಸುವ ಪರಿವರ್ತಕ ಬಳಸುವುದು ಸರಿಯಾದ ದಾರಿ.

ಚಿತ್ರ ಬಂತು, ಹ್ಯಾಂಡ್‌ಬ್ರೇಕ್ ತಂತಿ ಬಂತು

1980ರ ದಶಕದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡುತ್ತಿದ್ದ 'ವಿಡಿಯೊ ಕೋಚ್' ಬಸ್ಸುಗಳನ್ನು ಹಿರಿಯರು ನೆನೆಸಿಕೊಳ್ಳುತ್ತಾರೆ. ಅಲ್ಲಿ ಟೀವಿಯ ಮುಖ ಪ್ರಯಾಣಿಕರ ಕಡೆಗೆ, ಚಾಲಕನಿಗೆ ಅದರ ಬೆನ್ನು. ತೆಳುವಾದ ದ್ರವಸ್ಫಟಿಕ ಪರದೆಯೂ, 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿಯೂ ಸೇರಿದ ಮೇಲೆ ಚಿತ್ರವು ಚಾಲಕನ ಕಣ್ಣೆದುರಿಗೇ ಬಂತು. ಅಪಾಯ ಬಲ್ಲ ತಯಾರಕರು ಒಂದು ತಂತಿ ಹೆಚ್ಚಿಸಿದರು. ಹ್ಯಾಂಡ್‌ಬ್ರೇಕ್ ಎಳೆದಾಗ ಅದರ ಸ್ವಿಚ್ಚು ಈ ತಂತಿಯನ್ನು ಅರ್ಥಿಗೆ ಮುಟ್ಟಿಸುತ್ತದೆ. ಆಗಷ್ಟೇ ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ಇದು ತಿಳಿಹಸಿರು.

ಕೂಡಿಸುವವರು ಈ ತಂತಿಯನ್ನು ನೇರವಾಗಿ ಅರ್ಥಿಗೆ ಬಿಗಿದುಬಿಡುವುದುಂಟು. ಇದರ ಬೆಲೆ ಎಷ್ಟು? ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಎರಡು ಸೆಕೆಂಡು ಪರದೆ ನೋಡಿದರೆ 33 ಮೀಟರ್ ಕುರುಡು ಓಟ. ಮುಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇದ್ದರೆ ಅಷ್ಟು ಸಾಕು.

ಅದೇ ಪರದೆಗೆ ಒಳ್ಳೆಯ ಕೆಲಸವೂ ಉಂಟು. ಚೀಲ ಏರಿದ ಪಿಕಪ್‌ನಲ್ಲಿ ಒಳಗನ್ನಡಿ ಕಾಣಿಸುವುದು ಚೀಲವನ್ನೇ. ಹಿಂದಕ್ಕೊಂದು ಕ್ಯಾಮೆರಾ ಕೂಡಿಸಿ ರಿವರ್ಸ್ ದೀಪದ ತಂತಿಗೆ ಜೋಡಿಸಿದರೆ, ರಿವರ್ಸ್ ಗೇರ್ ಹಾಕಿದೊಡನೆ ಹಿಂದಿನ ನೆಲ ಕಾಣುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ ಹಮಾಲರು, ಮಕ್ಕಳು ಓಡಾಡುವಾಗ ಇದು ಜೀವ ಉಳಿಸುವ ಸಾಧನ.

ಕೊನೆಯ ಕಾವಲುಗಾರ: ಫ್ಯೂಸ್

ಫ್ಯೂಸ್ ಇರುವುದು ಮೊದಲಾಗಿ ತಂತಿಯ ರಕ್ಷಣೆಗೆ. 0.5 ಚದರ ಮಿ.ಮೀ. ದಪ್ಪದ, 2 ಮೀಟರ್ ತಾಮ್ರದ ತಂತಿಯ ರೋಧ ಸುಮಾರು 0.07 ಓಮ್. ಅದರ ಹೊದಿಕೆ ಸವೆದು ಗಾಡಿಯ ಮೈಗೆ ತಗುಲಿದರೆ, ಬ್ಯಾಟರಿಯ ಒಳರೋಧವನ್ನು ಹಿಡಿದರೂ 100 ಆಂಪಿಯರಿಗಿಂತ ಹೆಚ್ಚು ಹರಿಯಬಹುದು. ಸ್ನಾನದ ನೀರು ಕಾಯಿಸುವ ಕಾಯಿಲ್ಲಿನಷ್ಟು ಶಾಖ ಒಂದು ತೆಳು ತಂತಿಯಲ್ಲಿ! ಹಿಂದೆ ಒಣ ಮೆಣಸಿನಕಾಯಿ, ಅಡಿಯಲ್ಲಿ ಡೀಸೆಲ್ ಟ್ಯಾಂಕು. ಸುಟ್ಟ ಫ್ಯೂಸಿಗೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಅಲಗಿನಾಕಾರದ ಫ್ಯೂಸುಗಳಲ್ಲಿ ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಹಳದಿ ತಂತಿಯ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು. ಅದಕ್ಕೂ ಬ್ಯಾಟರಿಗೂ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಹಳೆಯ ಕಾರ್ ಸ್ಟೀರಿಯೊ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. 12 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್, 5 ಆಂಪಿಯರ್ ಫ್ಯೂಸ್ ಜೊತೆಗಿಡಿ. ಮೊದಲು ಹಳದಿ ಮತ್ತು ಕಪ್ಪು ಮಾತ್ರ ಕೂಡಿಸಿ ಪ್ರವಾಹ ಅಳೆಯಿರಿ. ಆಮೇಲೆ ಕೆಂಪನ್ನು ಸೇರಿಸಿ ಅಳೆಯಿರಿ. ಧ್ವನಿ ಹೆಚ್ಚಿಸುತ್ತ ಹೋದಂತೆ ಪ್ರವಾಹ ಹೇಗೆ ಏರುತ್ತದೆಂದು ಬರೆದಿಡಿ. ಬಣ್ಣಗಳು ರೂಢಿಯಷ್ಟೇ, ಕಾನೂನಲ್ಲ. ಪೆಟ್ಟಿಗೆಯ ಮೇಲಿನ ಚೀಟಿ ಓದದೆ ಯಾವ ತಂತಿಯನ್ನೂ ಮುಟ್ಟಬೇಡಿ. ಓಮ್ ನಿಯಮ, ಸಾಮರ್ಥ್ಯ, ಶಾಖ ಈ ಮೂರು ಪಾಠಗಳು ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಅವನ್ನು ಕಲಿತ ಹುಡುಗ ಹುಡುಗಿಯರು ತಮ್ಮ ಮನೆಯ ಗಾಡಿಯಲ್ಲಿ ಫ್ಯೂಸ್ ಎಲ್ಲಿದೆ, ಹ್ಯಾಂಡ್‌ಬ್ರೇಕಿನ ತಂತಿ ಎಲ್ಲಿಗೆ ಹೋಗಿದೆ ಎಂದು ಕೇಳಿದರೆ, ಪಾಠ ಊರಿನ ರಸ್ತೆಗೆ ತಲುಪಿತೆಂದೇ ಅರ್ಥ.