ಗೂಳೂರಿನ ನಾಲ್ಕನೆಯ ಕೈ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಹೊರಟರೆ ಸ್ವಲ್ಪ ದೂರದಲ್ಲೇ ಗೂಳೂರು ಸಿಗುತ್ತದೆ. ಜನ ಆ ಊರನ್ನು ಗುರುತಿಸುವುದು ಅಲ್ಲಿ ವರ್ಷವರ್ಷವೂ ಕೂರಿಸುವ ಭಾರಿ ಮಣ್ಣಿನ ಗಣಪನಿಂದ. ಕನ್ನಡದಲ್ಲಿ ಬರೆಯುವವರಿಗೆ ಗೂಳೂರು ಇನ್ನೊಂದು ಕಾರಣಕ್ಕೂ ನೆನಪಾಗಬೇಕು. ಶೂನ್ಯಸಂಪಾದನೆಯನ್ನು ನಾಲ್ಕನೆಯ ಸಲ ಬಿಚ್ಚಿ ಕಟ್ಟಿದ ಸಿದ್ಧವೀರಣ್ಣೊಡೆಯರ ಹೆಸರಿಗೆ ಅಂಟಿಕೊಂಡಿರುವುದು ಈ ಊರೇ.

ಅಲ್ಲಮಪ್ರಭುವೂ ಇತರ ಶರಣರೂ ಎದುರುಬದುರು ಕೂತು ವಾದಿಸುವಂತೆ ವಚನಗಳನ್ನು ಪೋಣಿಸಿ, ನಡುನಡುವೆ ಗದ್ಯದ ಎಳೆ ಹಾಕಿ ಕಥೆ ನಡೆಸುವ ಕೃತಿ ಅದು. ಮೊದಲು ಕಟ್ಟಿದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಅವರ ಕೃತಿಯಲ್ಲಿದ್ದದ್ದು 1012 ವಚನ. ಹಲಗೆಯಾರ್ಯರ ಕೈಗೆ ಬಂದಾಗ ಅದು 1599ಕ್ಕೆ ಬೆಳೆಯಿತು. ಮೂರನೆಯವರಾದ ಗುಮ್ಮಳಾಪುರದ ಸಿದ್ಧಲಿಂಗಯತಿಗಳು 1439ಕ್ಕೆ ಇಳಿಸಿದರು. ಗೂಳೂರಿನ ಸಿದ್ಧವೀರಣ್ಣೊಡೆಯರು 1543ಕ್ಕೆ ನಿಲ್ಲಿಸಿದರು. ಈ ನಾಲ್ಕು ಅಂಕಿಗಳಲ್ಲಿ ಮೂರನೆಯದರ ಮೇಲೆ ಕಣ್ಣು ನಿಲ್ಲುತ್ತದೆ. ಬೆಳೆಸುವುದು ಯಾರಿಗೂ ಬರುತ್ತದೆ, ಹಿರಿಯರು ಸೇರಿಸಿದ್ದನ್ನು ತೆಗೆಯುವುದಕ್ಕೆ ಎದೆ ಬೇಕು. ಸಿದ್ಧರಾಮರಿಗೆ ಲಿಂಗದೀಕ್ಷೆ ಆಯಿತೇ ಇಲ್ಲವೇ ಎಂಬಂಥ ಪ್ರಶ್ನೆಗಳಲ್ಲಿ ಈ ಸಂಪಾದಕರಿಗೆ ಹೊಂದಿಕೆಯಿರಲಿಲ್ಲ. ಒಬ್ಬರಿಗೆ ಒಪ್ಪಿಗೆಯಾಗದ ಪ್ರಸಂಗವನ್ನು ಅವರು ಟೀಕೆ ಬರೆದು ಬದಿಗಿಡಲಿಲ್ಲ, ಕಥೆಯನ್ನೇ ಬೇರೆ ಥರ ಹೆಣೆದು ತೋರಿಸಿದರು.

ಅಂಥ ಧೈರ್ಯ ಹುಟ್ಟುವುದಕ್ಕೆ ನೆಲವೂ ಬೇಕಿತ್ತು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು, ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗರು 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಬಿಟ್ಟುಹೋದರು. ವಚನಗಳನ್ನು ಹುಡುಕಿ, ಜೋಡಿಸಿ, ಟೀಕು ಬರೆಯುವ ಕೆಲಸ ಅವರ ಶಿಷ್ಯಪರಂಪರೆಯಲ್ಲಿ ದೊಡ್ಡದಾಗಿ ನಡೆಯಿತು, ಗೂಳೂರಿನವರೂ ಆ ಪರಂಪರೆಯವರೇ. ಒಬ್ಬರು ಓಲೆಯಲ್ಲಿ ಬರೆದದ್ದನ್ನು ಇನ್ನೊಬ್ಬರು ಓದಿ ಹೇಳಬೇಕಿದ್ದ ಕಾಲ ಅದು. ಕಿವಿಗೆ ಎಡವಿದ ಜಾಗ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಒಮ್ಮೆ ಇಟ್ಟ ಪದವನ್ನು ಮತ್ತೆ ಅಳಿಸದಿರುವುದೇ ತನ್ನ ಹೆಗ್ಗಳಿಕೆ ಎಂದವನು ಗದುಗಿನ ಕುಮಾರವ್ಯಾಸ. ಆ ಮಾತನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ, ನೆನೆಯಲಿ. ಆದರೆ ಕಥೆ ಬರೆಯಲು ಹೊರಟವನಿಗೆ ಕೈಮರವಾಗಬಲ್ಲದ್ದು ಗೂಳೂರಿನ ದಾರಿ.

ಕುಣಿಗಲ್ಲಿಗೆ ಇನ್ನೊಂದು ಬಗೆಯ ಶಿಸ್ತೂ ಗೊತ್ತಿತ್ತು. ‘ಶತಕೋಟಿ’ ಎಂಬ ನ್ಯಾಯಶಾಸ್ತ್ರದ ಸಂಸ್ಕೃತ ಗ್ರಂಥ ಬರೆದು ಹೆಸರಾದ ಕುಣಿಗಲ್ ರಾಮಶಾಸ್ತ್ರಿಗಳು 19ನೆಯ ಶತಮಾನದ ದೊಡ್ಡ ತಾರ್ಕಿಕರು. ಅವರ ಲೋಕದಲ್ಲಿ ವಾಕ್ಯಾರ್ಥಕ್ಕೆ, ಅಂದರೆ ಶಾಸ್ತ್ರದ ವಾದಸಭೆಗೆ, ಕೂತವನು ಮೊದಲು ಪೂರ್ವಪಕ್ಷ ಹೇಳಬೇಕು. ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಆಕ್ಷೇಪಕ್ಕೆ ಹೋಗಬೇಕು. ಬರೆದವನು ಏನು ಮಾಡಹೊರಟಿದ್ದ ಎಂದು ತಿಳಿಯದೆ ತಪ್ಪು ಎಣಿಸುವವರಿಗೆ ಆ ಸಭೆಯಲ್ಲಿ ಬೆಲೆಯಿರಲಿಲ್ಲ.

ಗುಬ್ಬಿಯ ಮಾತೇ ಬೇರೆ. ಅಲ್ಲಿ ತಿದ್ದುವವರು ಬಣ್ಣ ಹಚ್ಚಿಕೊಂಡಿದ್ದರು.

ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಡೇರೆ ಹೊತ್ತು ಊರೂರು ಸುತ್ತಿದ ಕಂಪನಿ ಅದು. ಗುಬ್ಬಿ ವೀರಣ್ಣನವರ ಯಜಮಾನಿಕೆಯಲ್ಲಿ ಅದು ಕರ್ನಾಟಕದ ಅತಿ ದೊಡ್ಡ ಕಂಪನಿಯಾಗಿ ಬೆಳೆಯಿತು. ನಾಟಕ ಬರೆಯುವ ಕವಿ ಅಲ್ಲಿ ಒಂಟಿಯಾಗಿರಲಿಲ್ಲ. ಅವನು ಬರೆದ ಹಾಡು ಹಾರ್ಮೋನಿಯಂ ಮೇಷ್ಟ್ರ ಬೆರಳಿಗೆ ಒಗ್ಗಬೇಕು, ನಟಿಯ ಶ್ರುತಿಗೆ ಕೂರಬೇಕು. ಮಾತು ಉದ್ದವಾದರೆ ನಟನಿಗೆ ಉಸಿರು ಸಾಲದು. ಹಿಂದಿನ ಪರದೆ ಬದಲಾಯಿಸುವಷ್ಟು ಹೊತ್ತು ಮುಂದಿನ ಪರದೆಯೆದುರು ಯಾರಾದರೂ ಮಾತಾಡುತ್ತಿರಬೇಕು, ಹಾಗಾಗಿ ಹಾಸ್ಯದ ಒಂದು ದೃಶ್ಯ ಹುಟ್ಟುತ್ತದೆ. ಇವೆಲ್ಲ ತಾಲೀಮಿನಲ್ಲಿ ನೇರವಾಗಿ, ಮುಖದ ಮೇಲೇ ಹೇಳುವ ಮಾತುಗಳು. ಮಾರನೆಯ ವಾರ ಆ ಮಾತನ್ನು ಬೆಳಕಿನಡಿ ನಿಂತು ಆಡಬೇಕಾದವನು ಕವಿಯ ಮನಸ್ಸು ಕಾಯಲು ಸುಳ್ಳು ಹೇಳಲಾರ.

ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಈ ಗರಡಿಯಲ್ಲಿ ಪಳಗಿದ ಕವಿ. ತಮಿಳು ರಂಗಭೂಮಿಯಲ್ಲೂ ಓಡಾಡಿದ್ದ ‘ಸದಾರಮೆ’ಯ ಕಥೆ ಅವರ ಲೇಖನಿಯಿಂದ ಗುಬ್ಬಿ ಕಂಪನಿಗೆ ಒಗ್ಗಿತು. ಅದರಲ್ಲಿ ವೀರಣ್ಣನವರ ಕಳ್ಳನ ಪಾತ್ರ ಎಷ್ಟು ಹೆಸರಾಯಿತೆಂದರೆ, ಜನ ನಾಟಕಕ್ಕೆ ಹೋಗುತ್ತಿದ್ದದ್ದೇ ಕಳ್ಳನನ್ನು ನೋಡಲು. ಆ ಪಾತ್ರ ಪುಸ್ತಕದಲ್ಲಿ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲಲಿಲ್ಲ. ಕ್ಯಾಂಪು ಹಾಕಿದ ಊರಿನ ಸುದ್ದಿ, ಆ ದಿನದ ಚೇಷ್ಟೆ ಎಲ್ಲ ವೀರಣ್ಣನವರ ಬಾಯಲ್ಲಿ ಬಂದು ಸೇರುತ್ತಿತ್ತು. ಚಾಪೆಯ ಮೇಲೆ ಕೂತವರು ನಕ್ಕಿದ್ದು ಉಳಿಯಿತು, ಆಕಳಿಸಿದ್ದು ಬಿತ್ತು. ‘ಒನ್ಸ್ ಮೋರ್’ ಕೂಗು ಎಲ್ಲಿ ಏಳುತ್ತದೆ, ಎಲ್ಲಿ ಏಳುವುದಿಲ್ಲ ಎಂಬುದು ಕವಿಗೆ ದಿನಾ ಸಿಗುತ್ತಿದ್ದ ಅಂಕಪಟ್ಟಿ. ಇದೇ ಶಾಸ್ತ್ರಿಗಳೇ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದರು. ಎದುರಿಗೆ ಜನರೇ ಇಲ್ಲದ ಕ್ಯಾಮೆರಾಗೆ ಬರೆಯುವಾಗ ಅವರಿಗೆ ನೆರವಾದದ್ದು ಆ ಹಿಂದಿನ ಸಾವಿರ ರಾತ್ರಿಗಳ ಕೇಳ್ಮೆಯೇ ಇರಬೇಕು.

ಚಪ್ಪಾಳೆಗೆ ಬರೆದರೆ ಬರಹ ಕೆಡುತ್ತದೆ ಎಂಬ ದೂರೂ ಆಗಲೇ ಇತ್ತು. ಬೆಂಗಳೂರಿನಲ್ಲಿ ನಾಟಕಕಾರ ಕೈಲಾಸಂ ಮತ್ತು ಹವ್ಯಾಸಿ ರಂಗಭೂಮಿಯವರು ಕಂಪನಿ ನಾಟಕದ ಆಡಂಬರಕ್ಕೆ ಬೆನ್ನು ತಿರುಗಿಸಿದರು. ದೂರಿನಲ್ಲಿ ಹುರುಳಿದೆ. ನೋಡುವವರು ಎಲ್ಲಿ ಬೇಸರವಾಯಿತೆಂದು ತೋರಿಸಬಲ್ಲರು, ಅದನ್ನು ಸರಿಪಡಿಸುವ ಬಗೆಯನ್ನು ಜೊತೆಗೆ ಬರೆಯುವವರೇ ಹೇಳಬೇಕಾಗುತ್ತದೆ.

ಕಾದಂಬರಿ, ಸಣ್ಣಕಥೆ ಬಂದ ಮೇಲೆ ಎದುರಿಗೇ ಕೂತು ತಿದ್ದುವ ಈ ಗುಂಪು ಚದುರಿತು. ಕಥೆಗಾರ ಕೋಣೆಯಲ್ಲಿ ಕೂತ, ಓದುಗ ತನ್ನ ಮನೆಯಲ್ಲಿ. ನಿಜ ಹೇಳುವವರನ್ನು ಹುಡುಕಿಕೊಂಡು ಹೋಗಬೇಕಾದ ಕಾಲ ಬಂತು. 1924ರಲ್ಲಿ ಮೈಸೂರಿನ ವಿದ್ಯಾರ್ಥಿ ಕುವೆಂಪು ತಮ್ಮ ಇಂಗ್ಲಿಷ್ ಪದ್ಯಗಳನ್ನು ಹಿಡಿದು ಐರಿಷ್ ಕವಿ ಜೇಮ್ಸ್ ಕಸಿನ್ಸರ ಬಳಿ ಹೋದರು. ಮೆಚ್ಚುಗೆ ನಿರೀಕ್ಷಿಸಿದ್ದ ಹುಡುಗನಿಗೆ ಸಿಕ್ಕಿದ್ದು, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂಬ ಪ್ರಶ್ನೆ. ಮುಂದಿನ ಕುವೆಂಪು ಎಲ್ಲರಿಗೂ ಗೊತ್ತು. 2002ರಲ್ಲಿ ತುಮಕೂರಿನಲ್ಲಿ ನಡೆದ 69ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಯು.ಆರ್. ಅನಂತಮೂರ್ತಿಯವರ ಬೆನ್ನಿಗೂ ಅಂಥ ಒಂದು ಮಾತು ಇತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಬರ್ಗ್‌ಮನ್ನನ ಸಿನಿಮಾ ನೋಡಿ ಬರುವಾಗ, ಅವರ ಮೇಷ್ಟ್ರೂ ಕಾದಂಬರಿಕಾರರೂ ಆದ ಮಾಲ್ಕಂ ಬ್ರಾಡ್‌ಬರಿ ಜೊತೆ ನಡೆದ ಮಾತುಕತೆಯಿಂದಲೇ ‘ಸಂಸ್ಕಾರ’ ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ. ಯುರೋಪಿನವರು ಪುಸ್ತಕ ಓದಿ ಊಹಿಸಬೇಕಾದ ಮಧ್ಯಯುಗ ನಿನ್ನೊಳಗೆ ಇನ್ನೂ ಬದುಕಿದೆ ಎಂಬುದು ಬ್ರಾಡ್‌ಬರಿಯ ಮಾತಿನ ಸಾರ.

ಎದುರಿಗೇ ತಿದ್ದುವ ಆ ಗುಂಪು ಪೂರ್ತಿ ಮರೆಯಾಗಿಲ್ಲ. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ‘ಕುರುಕ್ಷೇತ್ರ’ ಆಡುವುದು ಇವತ್ತಿಗೂ ನಿಂತಿಲ್ಲ. ಹೊಲದ ಕೆಲಸ ಮುಗಿಸಿ ಬಂದವರು ರಾತ್ರಿ ತಾಲೀಮಿಗೆ ಸೇರುತ್ತಾರೆ. ದುರ್ಯೋಧನ ಕಂದ ಎತ್ತುತ್ತಾನೆ, ಕಟ್ಟೆಯ ಮೇಲೆ ಊರಿನ ಹಿರಿಯರು ಬೀಡಿ ಹಚ್ಚಿ ಕೇಳುತ್ತಿರುತ್ತಾರೆ. ಹಾರ್ಮೋನಿಯಂ ನಡುವೆ ನಿಂತುಬಿಟ್ಟರೆ ಹಾಡುತ್ತಿದ್ದವನೂ ನಿಲ್ಲುತ್ತಾನೆ. ಮೇಷ್ಟ್ರು ತಪ್ಪಿದ ಜಾಗವನ್ನು ತಾವೇ ಒಮ್ಮೆ ಹಾಡಿ ತೋರಿಸುತ್ತಾರೆ, ದುರ್ಯೋಧನ ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಮೊದಲ ಸಾಲಿನಿಂದ ಮತ್ತೆ ಶುರುಮಾಡುತ್ತಾನೆ.