ಅಕ್ಷರದಲ್ಲೇ ಕಟ್ಟಿದ ಮನೆ

ಮೆಟಾವರ್ಸ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕಣ್ಣಿಗೆ ಹಾಕಿಕೊಳ್ಳುವ ದಪ್ಪ ಹೆಡ್‌ಸೆಟ್. ಆದರೆ ನೂರಾರು ಜನ ಸೇರಿ ಕಟ್ಟಿದ ಡಿಜಿಟಲ್ ಲೋಕಗಳಲ್ಲಿ ನನಗೆ ತುಂಬಾ ಇಷ್ಟವಾದದ್ದರಲ್ಲಿ ಚಿತ್ರಗಳೇ ಇರಲಿಲ್ಲ. ಅದರ ಹೆಸರು ಲ್ಯಾಂಬ್ಡಾಮೂ. 1990ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಶುರುಮಾಡಿದ್ದು.

ಟೆಲ್‌ನೆಟ್ ಮೂಲಕ ಒಳಗೆ ಹೋದರೆ ನೀವು ಮೊದಲು ನಿಲ್ಲೋದು ಕೋಟು ನೇತುಹಾಕುವ ಕತ್ತಲೆ ಗೂಡಿನಲ್ಲಿ. ಬಾಗಿಲು ತೆರೆದು ಬಂದರೆ ಹಜಾರ. ಎಲ್ಲವೂ ಬರೀ ಅಕ್ಷರ. ಕರ್ಟಿಸ್ ತಮ್ಮ ಸ್ವಂತ ಮನೆಯನ್ನೇ ಮಾದರಿಯಾಗಿಟ್ಟುಕೊಂಡಿದ್ದರು. ಮುಂದಿನದನ್ನ ಬಂದವರು ಕಟ್ಟುತ್ತಾ ಹೋದರು. ವರ್ಣನೆ ಬರೆದರೆ ಕೋಣೆ ಆಯ್ತು. ವಸ್ತುವಿಗೆ ಕೋಡ್ ಬರೆದರೆ ಅದು ಮುಟ್ಟಿದವರಿಗೆ ಉತ್ತರ ಕೊಡ್ತಿತ್ತು. ಅದೂ ಲೋಕ ಓಡ್ತಾ ಇರುವಾಗಲೇ, ಅದರೊಳಗೇ ಕೂತು! ಪ್ರೊಡಕ್ಷನ್ ಸರ್ವರ್ ಮೇಲೆ ಹೀಗೆ ಮಾಡ್ತೀನಿ ಅಂದ್ರೆ ನಮ್ಮ ಮ್ಯಾನೇಜರ್ ಎದೆ ಹಿಡ್ಕೊಂಡು ಕೂರ್ತಾರೆ.

ಕಟ್ಟೋದೇನೋ ಆಯ್ತು, ಜಗಳ ಬಿಡಿಸೋರು ಯಾರು? ಸರ್ವರ್‌ನ ಕೀಲಿ ಇದ್ದವರನ್ನ ಅಲ್ಲಿ ‘ವಿಝರ್ಡ್’ ಅಂತಿದ್ರು. 1992ರ ಡಿಸೆಂಬರ್‌ನಲ್ಲಿ ಕರ್ಟಿಸ್ ಒಂದು ಪತ್ರ ಹಾಕಿದರು: ಇನ್ನು ನಮ್ಮದು ತಾಂತ್ರಿಕ ಕೆಲಸ ಮಾತ್ರ, ಊರಿನ ವ್ಯವಹಾರ ನಿಮ್ಮದು.

ಕೆಲವೇ ತಿಂಗಳಲ್ಲಿ, 1993ರಲ್ಲಿ, ಒಬ್ಬ ಬಳಕೆದಾರ ಒಂದು ಪುಟ್ಟ ಪ್ರೋಗ್ರಾಂ ಹಿಡಿದು ತುಂಬಿದ ಹಜಾರದಲ್ಲಿ ಬೇರೆಯವರ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯದ ಸಾಲುಗಳನ್ನ ಓಡಿಸಿದ. ಪರದೆ ಮೇಲಿನ ಅಕ್ಷರ ಅಷ್ಟೇ ತಾನೇ ಅನ್ನೋರು ಇವತ್ತೂ ಇದ್ದಾರೆ. ಆ ಪಾತ್ರಗಳ ಹಿಂದಿದ್ದವರಿಗೆ ಆದ ನೋವು ಅಕ್ಷರದ್ದಾಗಿರಲಿಲ್ಲ. ಜನ ಒಂದು ಕೋಣೆಯಲ್ಲಿ ಸೇರಿ ವಾದ ಮಾಡಿದರು. ನಮ್ಮೂರ ಅರಳಿಕಟ್ಟೆ ಪಂಚಾಯ್ತಿ ಥರ ಮಾತು ಗಂಟೆಗಟ್ಟಲೆ ನಡೀತು, ತೀರ್ಮಾನ ಮಾತ್ರ ಆಗಲಿಲ್ಲ. ಆಮೇಲೆ ಒಬ್ಬ ವಿಝರ್ಡ್ ಯಾರನ್ನೂ ಕೇಳದೆ ಆ ಪಾತ್ರವನ್ನ ಅಳಿಸಿಹಾಕಿದರು.

ಕರ್ಟಿಸ್ ಅರ್ಜಿ, ಮತದಾನದ ವ್ಯವಸ್ಥೆ ತಂದರು. ಯಾರು ಬೇಕಾದರೂ ಅರ್ಜಿ ಹಾಕಬಹುದು, ಬೆಂಬಲ ಸಿಕ್ಕರೆ ಮತಕ್ಕೆ ಬರುತ್ತೆ, ಗೆದ್ದರೆ ವಿಝರ್ಡ್‌ಗಳು ಜಾರಿ ಮಾಡಬೇಕು. ಹೆಚ್ಚು ಜಾಗ ಬೇಕು ಅಂದ್ರೂ ಒಂದು ಸಮಿತಿ ಒಪ್ಪಬೇಕಿತ್ತು, ಮೆಮೊರಿ ಅಷ್ಟು ದುಬಾರಿ. ನನಗೆ ಅಲ್ಲಿನ ಯಾವ ಕೋಣೆಗಿಂತಲೂ ಈ ವ್ಯವಸ್ಥೆಯೇ ದೊಡ್ಡ ಕಲಾಕೃತಿ ಅನ್ಸುತ್ತೆ. ಹಾಗಂತ ಅದು ನಿಲ್ಲಲಿಲ್ಲ. 1996ರಲ್ಲಿ ವಿಝರ್ಡ್‌ಗಳು ಇನ್ನೊಂದು ಪತ್ರ ಬರೆದರು: ತಾಂತ್ರಿಕ ಕೆಲಸವನ್ನ ಊರಿನ ವ್ಯವಹಾರದಿಂದ ಬೇರೆ ಮಾಡೋಕೆ ನಮ್ಮಿಂದ ಆಗಲಿಲ್ಲ, ಇನ್ಮೇಲೆ ನಾವೂ ತೀರ್ಮಾನ ತಗೋತೀವಿ.